ಮನೆಯಲ್ಲಿ ಕಟ್ಟಿದ ಕಾರಿಗೆ ಹೊಸ ಮೈ

ಹೆದ್ದಾರಿಯಲ್ಲಿ ಪ್ರಯಾಣ ಮಾಡುವಾಗ ವಾಚಕರಲ್ಲಿ ಅನೇಕರು ಒಂದು ವಿಚಿತ್ರ ದೃಶ್ಯವನ್ನು ಕಂಡಿರಬಹುದು. ಎದುರಿನಿಂದ ಲಾರಿಯೊಂದು ಬರುತ್ತದೆ. ಆದರೆ ಅದಕ್ಕೆ ಮೈಯೇ ಇಲ್ಲ. ಉಕ್ಕಿನ ಎರಡು ನೀಳವಾದ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು, ಮುಂಭಾಗದಲ್ಲಿ ಎಂಜಿನು, ಕೆಳಗೆ ಚಕ್ರಗಳು, ಇಷ್ಟೇ. ಗಾಜಾಗಲಿ ಬಾಗಿಲಾಗಲಿ ಇಲ್ಲದ ತೆರೆದ ಆಸನದ ಮೇಲೆ ತಲೆಗೆ ಬಟ್ಟೆ ಸುತ್ತಿಕೊಂಡು ಚಾಲಕನು ಕುಳಿತಿರುತ್ತಾನೆ. ಕಾರ್ಖಾನೆಯಿಂದ ಹೊರಟ ಈ ಅಸ್ಥಿಪಂಜರವು ಬಾಡಿ ಕಟ್ಟುವವರ ಅಂಗಳಕ್ಕೆ ಹೋಗುತ್ತಿದೆ. ಅಲ್ಲಿ ಅದಕ್ಕೆ ಹಲಗೆಯ ತೊಟ್ಟಿಯನ್ನೋ ಬಸ್ಸಿನ ಮೈಯನ್ನೋ ಕೂಡಿಸುತ್ತಾರೆ. ನಾವು ಗಮನಿಸಬೇಕಾದ ಸಂಗತಿ ಇದು: ಮೈಯಿಲ್ಲದೆಯೇ ಅದು ನೂರಾರು ಕಿಲೋಮೀಟರು ಓಡಿ ಬಂದಿದೆ. ಭಾರ ಹೊರುವ ಕೆಲಸ, ಓಡುವ ಕೆಲಸ, ನಿಲ್ಲುವ ಕೆಲಸ ಎಲ್ಲವೂ ಆ ಪಂಜರಕ್ಕೆ ಸೇರಿದವು. ಈ ಪಂಜರಕ್ಕೆ ಚಾಸಿ ಎಂದು ಹೆಸರು.

ಜಾತ್ರೆಯ ತೇರಿನಲ್ಲಿಯೂ ಇಂಥದೇ ಏರ್ಪಾಡನ್ನು ಕಾಣುತ್ತೇವೆ. ಚಕ್ರಗಳೂ ಕೆತ್ತನೆಯ ಮರದ ಪೀಠವೂ ವರ್ಷ ವರ್ಷ ಅವೇ ಆಗಿರುತ್ತವೆ. ಅವುಗಳ ಮೇಲೆ ಬೊಂಬುಗಳ ಗೋಪುರವನ್ನೂ ಬಣ್ಣದ ಬಟ್ಟೆಯ ಅಲಂಕಾರವನ್ನೂ ಪ್ರತಿ ಜಾತ್ರೆಗೆ ಹೊಸದಾಗಿ ಕಟ್ಟುತ್ತಾರೆ. ಹಾಗಾದರೆ ಕಾರಿನ ಮೈಯನ್ನೂ ಅಂಗಿ ಬದಲಾಯಿಸಿದಂತೆ ಬದಲಾಯಿಸಬಹುದೇ? ಬಹುದು ಎಂದು ಸಾವಿರಾರು ಜನ ಹವ್ಯಾಸಿಗಳು ತೋರಿಸಿಕೊಟ್ಟಿದ್ದಾರೆ. ಆದರೆ ಅಂಗಿಯೆಂದು ಭಾವಿಸಿ ಕಿತ್ತೊಗೆದದ್ದು ಕೆಲವು ವೇಳೆ ಪಕ್ಕೆಲುಬೇ ಆಗಿದ್ದುದೂ ಉಂಟು. ಯಾವುದು ಅಂಗಿ, ಯಾವುದು ಎಲುಬು ಎಂದು ತಿಳಿಯುವ ಬಗೆಯನ್ನೇ ಈ ಲೇಖನದಲ್ಲಿ ಮುಖ್ಯವಾಗಿ ವಿಚಾರಿಸೋಣ.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಹೊಸ ಕಾರುಗಳು ದುರ್ಲಭವಾಗಿದ್ದವು. ಅವುಗಳ ಮೇಲೆ ಖರೀದಿ ತೆರಿಗೆಯ ಹೊರೆಯೂ ಇತ್ತು. ಅದೇ ಸಮಯದಲ್ಲಿ ಹಳೆಯ ಕಾರುಗಳಿಗೇನೂ ಕೊರತೆಯಿರಲಿಲ್ಲ. 1922ರಿಂದ 1939ರವರೆಗೆ ತಯಾರಾದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರು ಒಂದೇ ಸುಮಾರು 2,90,000 ಸಂಖ್ಯೆಯಲ್ಲಿ ಹೊರಬಂದಿತ್ತು. ಇಂಥವುಗಳ ಮೈ ತುಕ್ಕು ಹಿಡಿದು ಹಾಳಾಗಿದ್ದರೂ ಚಾಸಿ, ಎಂಜಿನು, ಚಕ್ರಗಳು ಇನ್ನೂ ಕೆಲಸಕ್ಕೆ ಬರುವಂತಿದ್ದವು. ಯುವಕರು ಅವುಗಳನ್ನು ಅಗ್ಗದ ಬೆಲೆಗೆ ಕೊಂಡು, ಮೈಯನ್ನು ಕಿತ್ತು, ತಮಗೆ ತೋಚಿದ ಕ್ರೀಡಾಕಾರಿನ ಮೈಯನ್ನು ಕೂಡಿಸತೊಡಗಿದರು. ಲಂಡನಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕಾಲಿನ್ ಚಾಪ್ಮನ್ ಎಂಬ ತರುಣನು 1948ರಲ್ಲಿ ಮಾಡಿದ್ದೂ ಇದನ್ನೇ. ಮುಂದೆ ಲೋಟಸ್ ಎಂಬ ಪ್ರಸಿದ್ಧ ಸಂಸ್ಥೆಯನ್ನು ಕಟ್ಟಿದವನು ಅವನು. ಕಾರನ್ನು ಬಿಡಿಭಾಗಗಳಾಗಿ ಮಾರಿದರೆ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. ಆದುದರಿಂದ ಬಿಡಿಭಾಗಗಳ ಕಟ್ಟು, ಅಂದರೆ ಕಿಟ್, ಒಂದು ಉದ್ಯಮವಾಗಿಯೇ ಬೆಳೆಯಿತು. ಜೋಡಿಸುವ ಕ್ರಮವನ್ನು ಬರೆದುಕೊಡುವಂತಿಲ್ಲ ಎಂಬ ನಿಯಮವಿದ್ದುದರಿಂದ ಬಿಚ್ಚುವ ಕ್ರಮವನ್ನು ಬರೆದುಕೊಡುತ್ತಿದ್ದರಂತೆ. ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರೆ ಸಾಕಾಗಿತ್ತು! 1973ರಲ್ಲಿ ಖರೀದಿ ತೆರಿಗೆ ರದ್ದಾಗಿ ಬೇರೆ ತೆರಿಗೆ ಬಂದಾಗ ಈ ಅನುಕೂಲ ಹೋಯಿತು. ಹವ್ಯಾಸ ಮಾತ್ರ ಹೋಗಲಿಲ್ಲ.

ಈಗ ವಿಜ್ಞಾನದ ಕಡೆಗೆ ತಿರುಗೋಣ. ಮನೆಯಲ್ಲಿರುವ ಒಂದು ರಟ್ಟಿನ ಪೆಟ್ಟಿಗೆಯನ್ನು, ಪಾದರಕ್ಷೆ ಕೊಂಡಾಗ ಸಿಗುವಂಥದನ್ನು, ತೆಗೆದುಕೊಳ್ಳಿರಿ. ಮುಚ್ಚಳವನ್ನು ಬದಿಗಿಟ್ಟು, ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು, ಒದ್ದೆ ಬಟ್ಟೆಯನ್ನು ಹಿಂಡುವಂತೆ ತಿರುಚಿ ನೋಡಿರಿ. ಪೆಟ್ಟಿಗೆ ಸುಲಭವಾಗಿ ಮಣಿಯುತ್ತದೆ. ಈಗ ಮುಚ್ಚಳವನ್ನು ಹಾಕಿ ಅಂಚಿನ ಸುತ್ತಲೂ ಅಂಟುಪಟ್ಟಿಯಿಂದ ಬಿಗಿದು ಮತ್ತೆ ತಿರುಚಿರಿ. ಅದೇ ರಟ್ಟು, ಅದೇ ಕೈ. ಆದರೂ ಪೆಟ್ಟಿಗೆ ಜಗ್ಗುವುದಿಲ್ಲ. ಮುಚ್ಚಳವು ನೋಡುವುದಕ್ಕೆ ಬರಿಯ ಹೊದಿಕೆ; ವಾಸ್ತವದಲ್ಲಿ ಪೆಟ್ಟಿಗೆಯ ಬಿಗಿತದಲ್ಲಿ ಬಹುಪಾಲು ಅದರಿಂದಲೇ ಬಂದದ್ದು. ತಿರುಚಿದಾಗ ಚೌಕದ ಪ್ರತಿಯೊಂದು ಮುಖವೂ ವಜ್ರಾಕೃತಿಗೆ ಓರೆಯಾಗಲು ಹವಣಿಸುತ್ತದೆ. ಹಾಳೆಯು ತನ್ನ ಸಮತಲದಲ್ಲಿ ಸೆಳೆದು ನಿಂತು ಆ ಓರೆಯನ್ನು ತಡೆಯುತ್ತದೆ. ನಾಲ್ಕು ಕಡ್ಡಿಗಳನ್ನು ಚೌಕವಾಗಿ ಕಟ್ಟಿದರೆ ಅದು ಓರೆಯಾಗುವುದು, ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿಯನ್ನು ಕಟ್ಟಿದೊಡನೆ ಅದು ನಿಶ್ಚಲವಾಗುವುದು, ಇವೂ ಇದೇ ತತ್ತ್ವದ ನಿದರ್ಶನಗಳು. ಹಾಳೆ ಎಂಬುದು ಅಸಂಖ್ಯಾತ ಓರೆಗಡ್ಡಿಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ.

ಕಾರಿನ ಚೌಕಟ್ಟಿಗೆ ಈ ತಿರುಚು ಬಿಗಿತ ಏತಕ್ಕೆ ಬೇಕು? ಒಂದು ಮುಂಚಕ್ರವು ಹಳ್ಳಕ್ಕೆ ಇಳಿದಾಗ ಕಾರಿನ ಮುಂಭಾಗ ಒಂದು ಕಡೆಗೆ ವಾಲಲು ಯತ್ನಿಸುತ್ತದೆ, ಹಿಂಭಾಗ ನೆಟ್ಟಗಿರಲು ಯತ್ನಿಸುತ್ತದೆ. ಚೌಕಟ್ಟು ಬಿಗಿಯಾಗಿದ್ದರೆ ಸ್ಪ್ರಿಂಗುಗಳು ಕುಗ್ಗಿ ಹಿಗ್ಗಿ ಆ ಏರುಪೇರನ್ನು ನುಂಗುತ್ತವೆ. ಚೌಕಟ್ಟು ಸಡಿಲವಾಗಿದ್ದರೆ ಅದೇ ಇನ್ನೊಂದು ಸ್ಪ್ರಿಂಗಾಗಿ ವರ್ತಿಸುತ್ತದೆ. ಆದರೆ ಅದಕ್ಕೆ ಅದುರನ್ನು ತಡೆಯುವ ಶಮನಕ ಇಲ್ಲ. ತಿರುವಿನಲ್ಲಿ ಚಕ್ರಗಳು ಎಂಜಿನಿಯರನು ಎಣಿಸಿದ್ದ ಕೋನದಲ್ಲಿ ನಿಲ್ಲದೆ ಬೇರೊಂದು ಕೋನದಲ್ಲಿ ನಿಲ್ಲುತ್ತವೆ. ಚಾಲಕನು ಸ್ಟಿಯರಿಂಗನ್ನು ಒಂದಿಷ್ಟು ತಿರುಗಿಸಿದರೆ ಕಾರು ಮತ್ತೊಂದಿಷ್ಟು ತಿರುಗುತ್ತದೆ. ಪ್ರಾಣಾಪಾಯದ ಮಾತು ಇದು.

ಆಸ್ಟಿನ್ ಸೆವೆನ್ ಕಾರಿನ ಚಾಸಿಯು ಮುಂದೆ ಕೂಡಿ ಹಿಂದೆ ಅಗಲವಾಗುವ ಎರಡು ತೆಳುವಾದ ಉಕ್ಕಿನ ತೊಲೆಗಳಿಂದ ಆದದ್ದು. ಅದು ಲಾರಿಯ ಚಾಸಿಯಂತೆ ಸ್ವಯಂಪೂರ್ಣವಾಗಿರಲಿಲ್ಲ. ಮೇಲೆ ಬೋಲ್ಟು ಹಾಕಿದ ಲೋಹದ ಮೈಯಿಂದ ಒಂದಿಷ್ಟು ಬಿಗಿತವನ್ನು ಸಾಲವಾಗಿ ಪಡೆಯುತ್ತಿತ್ತು. ಹವ್ಯಾಸಿಗಳು ಆ ಮೈಯನ್ನು ಕಿತ್ತು ತೆಳುವಾದ ಕವಚವನ್ನು ಇಟ್ಟಾಗ ಸಾಲವನ್ನು ತೀರಿಸುವವರು ಯಾರೂ ಇರಲಿಲ್ಲ. ಕಾರು ನೋಡುವುದಕ್ಕೆ ಪಂದ್ಯದ ಕಾರಿನಂತಿದ್ದು ಓಡುವಾಗ ಹಳೆಯ ಮಂಚದಂತೆ ಅಲುಗಾಡುತ್ತಿತ್ತು. ಅನುಭವಸ್ಥರು ತೊಲೆಗಳ ತೆರೆದ ಬದಿಗೆ ಉಕ್ಕಿನ ಪಟ್ಟಿಯನ್ನು ಬೆಸೆದು ಅವುಗಳನ್ನು ಪೆಟ್ಟಿಗೆಯ ಆಕಾರಕ್ಕೆ ತರುತ್ತಿದ್ದರು. ಮೇಲೆ ಕಂಡ ರಟ್ಟಿನ ಪೆಟ್ಟಿಗೆಗೆ ಮುಚ್ಚಳ ಹಾಕಿದಂತೆಯೇ ಇದು.

ಇನ್ನೂ ಸ್ವಾರಸ್ಯವಾದ ಉದಾಹರಣೆ 1957ರಲ್ಲಿ ಬಂದ ಲೋಟಸ್ ಸೆವೆನ್. ಮನೆಯಲ್ಲಿ ಕಟ್ಟುವ ಕ್ರೀಡಾಕಾರುಗಳಿಗೆಲ್ಲ ಇದು ಮೂಲಪುರುಷನಂತೆ. 1973ರಲ್ಲಿ ಇದನ್ನು ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. 1996ರಲ್ಲಿ ರಾನ್ ಚಾಂಪಿಯನ್ ಎಂಬ ಇಂಗ್ಲಿಷ್ ಶಿಕ್ಷಕನು ಇದೇ ಮಾದರಿಯ ಕಾರನ್ನು ಅಲ್ಪ ಖರ್ಚಿನಲ್ಲಿ ಕಟ್ಟುವ ವಿಧಾನವನ್ನು ಪುಸ್ತಕವಾಗಿ ಬರೆದ ಮೇಲೆ ಲೋಕೋಸ್ಟ್ ಎಂಬ ಹೆಸರಿನಲ್ಲಿ ಅದರ ಸಂತತಿ ಅನೇಕ ದೇಶಗಳಲ್ಲಿ ಹರಡಿತು. ಈ ಕಾರಿಗೆ ತೊಲೆಗಳ ಚಾಸಿ ಇಲ್ಲ; ಉಕ್ಕಿನ ಸಣ್ಣ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದ ಪಂಜರವಿದೆ. ಪಂಜರದ ಪಕ್ಕಗಳಿಗೂ ತಳಕ್ಕೂ ಅಲ್ಯುಮಿನಿಯಂ ತಗಡನ್ನು ಸಾಲು ಸಾಲಾಗಿ ರಿವೆಟ್ ಹೊಡೆದು ಕೂಡಿಸುತ್ತಾರೆ. 1960ರ ಎರಡನೆಯ ಮಾದರಿಯಲ್ಲಿ ಕೆಲವು ಕೊಳವೆಗಳನ್ನು ಬಿಟ್ಟುಬಿಟ್ಟರು. ಅವುಗಳ ಕೆಲಸ ಬಹಳ ಮಟ್ಟಿಗೆ ತಗಡಿನ ಪಾಲಿಗೆ ಬಂತು. ಅದೇ ಮಾದರಿಯಲ್ಲಿ ಮೂತಿಯನ್ನೂ ಮಡ್‌ಗಾರ್ಡುಗಳನ್ನೂ ಗಾಜಿನೆಳೆಯಿಂದ ಮಾಡಿದರು. ಇಲ್ಲಿ ಒಂದೇ ಕಾರಿನಲ್ಲಿ ಎರಡು ಬಗೆಯ ಮೈ ಇರುವುದನ್ನು ನೋಡಿರಿ. ಮೂತಿ, ಮಡ್‌ಗಾರ್ಡು, ಬಾನೆಟ್ಟುಗಳು ಅಂಗಿ. ಪಕ್ಕದ ತಗಡು ಪಕ್ಕೆಲುಬು.

ಮೋಟಾರ್‌ಸೈಕಲಿನಂತೆ ಹೊರಚಾಚಿದ ಚಕ್ರಗಳುಳ್ಳ ಈ ಕಾರಿಗೆ ಚಕ್ರಗಳನ್ನು ಒಳಗೊಳ್ಳುವ ನುಣುಪಾದ ಮೈಯನ್ನು ತೊಡಿಸಬೇಕೆಂಬ ಆಸೆ ಅನೇಕರಿಗೆ ಬರುತ್ತದೆ. ಪಂಜರವನ್ನು ಹಾಗೆಯೇ ಉಳಿಸಿ ಹೊಸ ಮೈಯನ್ನು ಕೊಂಡು ಹೊದಿಸಿದರಾಯಿತೆಂದು ತೋರುತ್ತದೆ. ಹೊಸ ಮೈ ಅಗಲವಾಗಿರುವುದರಿಂದ ಹಳೆಯ ತಗಡು ಹೊರಗೆ ಕಾಣುವುದಿಲ್ಲ. ಕಾಣದ್ದು ಬೇಡವೆಂದು, ತೂಕವನ್ನಾದರೂ ಉಳಿಸೋಣವೆಂದು ಅದನ್ನು ಬಿಚ್ಚಿಬಿಡುವ ಮನಸ್ಸಾಗುತ್ತದೆ. ತಪ್ಪು ನಡೆಯುವುದು ಈ ಸ್ಥಳದಲ್ಲಿ.

ಈ ತಪ್ಪಿಗೆ ಹೆಬ್ಬೆರಳೇ ಸಾಕ್ಷಿ ಹೇಳಿ ಮೋಸಗೊಳಿಸುತ್ತದೆ. ಗಾಜಿನೆಳೆಯ ಮೈಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಉಕ್ಕಿನ ತಗಡಿನಷ್ಟೇ ಗಟ್ಟಿಯಾಗಿ ತೋರುತ್ತದೆ. ಲೆಕ್ಕ ಹಾಕಿ ನೋಡೋಣ. ಹಾಳೆಯು ಬಾಗುವುದನ್ನು ತಡೆಯುವ ಶಕ್ತಿಯು ಅದರ ಪದಾರ್ಥದ ಯಂಗ್ ಗುಣಾಂಕಕ್ಕೂ ದಪ್ಪದ ಘನಕ್ಕೂ ಅನುಪಾತದಲ್ಲಿರುತ್ತದೆ. ಉಕ್ಕಿನ ಯಂಗ್ ಗುಣಾಂಕ ಸುಮಾರು 210 ಗಿಗಾಪಾಸ್ಕಲ್, ಅಲ್ಯುಮಿನಿಯಮಿನದು 70, ಬಿಡಿ ಎಳೆಗಳ ಚಾಪೆಯಿಂದ ಮಾಡಿದ ಗಾಜಿನೆಳೆಯ ಹಾಳೆಯದು ಸುಮಾರು 7. ಉಕ್ಕಿನ ತಗಡು 0.9 ಮಿಲಿಮೀಟರು ದಪ್ಪವಿದ್ದರೆ ಅದರ ಬಾಗು ಬಿಗಿತ 210 × 0.73, ಅಂದರೆ 153 ಅಂಶಗಳು. ಗಾಜಿನೆಳೆಯ ಹಾಳೆ 3 ಮಿಲಿಮೀಟರು ದಪ್ಪವಿದ್ದರೆ 7 × 27, ಅಂದರೆ 189. ಉಕ್ಕಿಗಿಂತ ಹೆಚ್ಚೇ ಆಯಿತು! ತೂಕವೋ, ಚದರ ಮೀಟರಿಗೆ ಉಕ್ಕು 7 ಕಿಲೋಗ್ರಾಂ, ಗಾಜಿನೆಳೆ ಕೇವಲ 4½. ಹೆಬ್ಬೆರಳು ಸುಳ್ಳು ಹೇಳಲಿಲ್ಲ.

ಆದರೆ ಚೌಕಟ್ಟನ್ನು ತಿರುಚುವಾಗ ಹಾಳೆಯು ಬಾಗುವುದಿಲ್ಲ. ತನ್ನ ಸಮತಲದಲ್ಲಿಯೇ ಸೆಳೆತಕ್ಕೆ ಒಳಗಾಗುತ್ತದೆ. ಸೆಳೆತದಲ್ಲಿ ದಪ್ಪದ ಘನಕ್ಕೆ ಬೆಲೆಯಿಲ್ಲ, ದಪ್ಪಕ್ಕೆ ಮಾತ್ರ ಬೆಲೆ. ಈಗ ಉಕ್ಕಿನ ಪಾಲು 210 × 0.9, ಅಂದರೆ 189. ಗಾಜಿನೆಳೆಯ ಪಾಲು 7 × 3, ಅಂದರೆ 21. ಒಂಬತ್ತರಲ್ಲಿ ಒಂದು ಪಾಲು! ಪಕ್ಕದಲ್ಲಿದ್ದ ಅಲ್ಯುಮಿನಿಯಂ ತಗಡು 1.2 ಮಿಲಿಮೀಟರಿನದಾಗಿದ್ದರೆ ಅದರ ಪಾಲು 84. ಅದಕ್ಕೆ ಹೋಲಿಸಿದರೂ ಗಾಜಿನೆಳೆಯದು ನಾಲ್ಕರಲ್ಲಿ ಒಂದು. ಅದೂ ಹಾಳೆಯ ಅಂಚು ಪಂಜರಕ್ಕೆ ಉದ್ದಕ್ಕೂ ಬೆಸೆದಂತಿದ್ದಾಗ ಮಾತ್ರ. ಹವ್ಯಾಸಿಯು ನಾಲ್ಕಾರು ಬೋಲ್ಟುಗಳಲ್ಲಿ ಹಿಡಿಸಿದ ಮೈ ಇಷ್ಟನ್ನೂ ಕೊಡುವುದಿಲ್ಲ. ಒಂದೇ ಹಾಳೆ ಒಂದು ಪರೀಕ್ಷೆಯಲ್ಲಿ ಉಕ್ಕನ್ನು ಮೀರಿಸಿ ಇನ್ನೊಂದರಲ್ಲಿ ಹೀಗೆ ಸೋಲುವುದು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕಾದ ಸಂಗತಿ.

ಗಾಜಿನೆಳೆಯು ಭಾರ ಹೊರಲಾರದೆಂದು ಇದರಿಂದ ತಿಳಿಯಬಾರದು. 1957ರಲ್ಲಿ ಲೋಟಸ್ ಸಂಸ್ಥೆಯೇ ತೋರಿಸಿದ ಎಲೀಟ್ ಎಂಬ ಕಾರಿನಲ್ಲಿ ಪ್ರತ್ಯೇಕ ಚಾಸಿಯೇ ಇರಲಿಲ್ಲ. ಗಾಜಿನೆಳೆಯ ಮೈಯೇ, ಕೆಲವು ಆಯಕಟ್ಟಿನ ಸ್ಥಳಗಳಲ್ಲಿ ಮಾತ್ರ ಉಕ್ಕನ್ನು ಒಳಗೊಂಡು, ಎಲ್ಲವನ್ನೂ ಹೊರುತ್ತಿತ್ತು. ಅಲ್ಲಿ ಮೈಯನ್ನು ಮುಚ್ಚಿದ ಪೆಟ್ಟಿಗೆಗಳ ಆಕಾರದಲ್ಲಿ ಆರಂಭದಿಂದಲೇ ಅದಕ್ಕಾಗಿ ರೂಪಿಸಿದ್ದರು. ಇದಕ್ಕೆ ಪ್ರತಿಯಾಗಿ ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ವಿದ್ಯುತ್ ಕಾರಿನಲ್ಲಿ ಉಕ್ಕಿನ ಕೊಳವೆಗಳ ಪಂಜರವೇ ಭಾರ ಹೊರುತ್ತಿತ್ತು. ಪ್ಲಾಸ್ಟಿಕ್ಕಿನ ಹೊರಮೈ ಬರಿಯ ಅಂಗಿಯಾಗಿತ್ತು. ಎರಡೂ ಸರಿಯಾದ ಮಾರ್ಗಗಳೇ. ಒಂದನ್ನು ಇನ್ನೊಂದೆಂದು ಭ್ರಮಿಸುವುದು ಮಾತ್ರ ಅಪಾಯ.

ಭ್ರಮೆಯನ್ನು ಕಳೆಯಲು ಒಂದು ಸುಲಭವಾದ ಅಳತೆ ಇದೆ. ಪಂಜರದ ಹಿಂತುದಿಯನ್ನು ನೆಲಕ್ಕೆ ಭದ್ರವಾಗಿ ಬಿಗಿದು, ಮುಂತುದಿಯನ್ನು ನಡುವಿನಲ್ಲಿ ಒಂದೇ ಮೊನೆಯ ಮೇಲೆ ನಿಲ್ಲಿಸಬೇಕು. ಮುಂತುದಿಗೆ ಅಡ್ಡಲಾಗಿ ಒಂದು ತೊಲೆಯನ್ನು ಕಟ್ಟಿ, ನಡುವಿನಿಂದ 1 ಮೀಟರು ದೂರದಲ್ಲಿ 40 ಕಿಲೋಗ್ರಾಂ ತೂಕವನ್ನು ತೂಗುಹಾಕಬೇಕು. ತಿರುಚುವ ಟಾರ್ಕ್ 40 × 9.8 × 1, ಅಂದರೆ 392 ನ್ಯೂಟನ್-ಮೀಟರು. ಈಗ ನಡುವಿನಿಂದ 50 ಸೆಂಟಿಮೀಟರು ದೂರದಲ್ಲಿ ಪಂಜರವು ಎಷ್ಟು ಇಳಿಯಿತೆಂದು ಅಳೆಯಬೇಕು. ಅದು 3 ಮಿಲಿಮೀಟರು ಇಳಿದರೆ ಕೋನವು 3/500 ರೇಡಿಯನ್, ಸುಮಾರು 0.34 ಡಿಗ್ರಿ. ಆದುದರಿಂದ ಪ್ರತಿ ಡಿಗ್ರಿಗೆ ತಿರುಚು ಬಿಗಿತ ಸುಮಾರು 1,140 ನ್ಯೂಟನ್-ಮೀಟರು. ಹಳೆಯ ಮೈ ಇರುವಾಗ ಒಮ್ಮೆ, ಕಿತ್ತ ಮೇಲೆ ಒಮ್ಮೆ, ಹೊಸದನ್ನು ಕೂಡಿಸಿದ ಮೇಲೆ ಒಮ್ಮೆ ಈ ಸಂಖ್ಯೆಯನ್ನು ಪಡೆದರೆ ಅಂಗಿಯೋ ಎಲುಬೋ ಎಂಬ ಪ್ರಶ್ನೆ ತಾನೇ ಬಗೆಹರಿಯುತ್ತದೆ. ಕಿತ್ತ ಮೇಲೆ ಬಿಗಿತವು ಬಹಳವಾಗಿ ಇಳಿದರೆ ತಗಡನ್ನು ಮರಳಿ ಹೊಡೆಯಬೇಕು, ಇಲ್ಲವೇ ಓರೆಯ ಕೊಳವೆಗಳನ್ನು ಬೆಸೆಯಬೇಕು. ಹೊಸ ಮೈ ಹಾಕಿದ ಮೇಲೆ ಬಿಗಿತವು ಹೆಚ್ಚಿದರೆ ಸಂತೋಷಪಡುವ ಮೊದಲು ಯೋಚಿಸಬೇಕು: ಆ ಮೈ ತನಗೆ ಹೇಳದಿದ್ದ ಭಾರವನ್ನು ಹೊರುತ್ತಿದೆ, ಮುಂದೆ ಬಿರುಕು ಬಿಡುವುದು ಅಲ್ಲಿಯೇ.

ಈ ಗಾಜಿನೆಳೆಯ ಮೈಯನ್ನು ಮಾಡುವ ಬಗೆಯೂ ತಿಳಿಯತಕ್ಕದ್ದು. ಜೇಡಿಮಣ್ಣಿಗೆ ಹುಲ್ಲು ಕಲಸಿ ಗೋಡೆ ಮೆತ್ತುವಾಗ ಹುಲ್ಲು ಬಿರುಕನ್ನು ತಡೆಯುತ್ತದೆ, ಮಣ್ಣು ಹುಲ್ಲನ್ನು ಹಿಡಿದಿಡುತ್ತದೆ. ಇಲ್ಲಿ ಹುಲ್ಲಿನ ಸ್ಥಾನದಲ್ಲಿ ಕೂದಲಿಗಿಂತ ಸಣ್ಣನೆಯ ಗಾಜಿನ ಎಳೆಗಳಿವೆ, ಮಣ್ಣಿನ ಸ್ಥಾನದಲ್ಲಿ ಪಾಲಿಯೆಸ್ಟರ್ ರಾಳವಿದೆ. ಮೈಯ ಆಕಾರಕ್ಕೆ ತಗ್ಗಾದ ಅಚ್ಚನ್ನು ಮಾಡಿ, ಅಂಟಿಕೊಳ್ಳದಂತೆ ಮೇಣ ಸವರಿ, ಹೊರಗೆ ಕಾಣಬೇಕಾದ ಬಣ್ಣದ ಪದರವನ್ನು ಎಲ್ಲಕ್ಕೂ ಮೊದಲು ಬಳಿಯುತ್ತಾರೆ. ಅದರ ಮೇಲೆ ಚಾಪೆ, ರಾಳ, ಮತ್ತೆ ಚಾಪೆ, ರಾಳ. ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪೆಯ ಒಂದು ಪದರವು ರಾಳ ಕುಡಿದಾಗ ಸುಮಾರು 1 ಮಿಲಿಮೀಟರು ದಪ್ಪವಾಗುತ್ತದೆ. ಆದುದರಿಂದ ಮೂರು ಪದರಗಳಿಗೆ 3 ಮಿಲಿಮೀಟರು. ಉಕ್ಕಿನ ತಗಡನ್ನು ಎರಡು ದಿಕ್ಕುಗಳಲ್ಲಿ ಬಗ್ಗಿಸಲು ಭಾರಿ ಒತ್ತುಯಂತ್ರಗಳು ಬೇಕು. ಈ ಕೆಲಸಕ್ಕೆ ಕುಂಚವೂ ಉರುಳೆಯೂ ಸಾಕು. 1953ರಲ್ಲಿ ಅಮೆರಿಕದ ಕಾರ್ವೆಟ್ ಕಾರಿನ ಮೊದಲ 300 ಪ್ರತಿಗಳು ಗಾಜಿನೆಳೆಯ ಮೈಯೊಡನೆ ಹೊರಬಂದವು. 1964ರಲ್ಲಿ ಕ್ಯಾಲಿಫೋರ್ನಿಯದ ಬ್ರೂಸ್ ಮೇಯರ್ಸ್ ಎಂಬುವನು ಮ್ಯಾಂಕ್ಸ್ ಎಂಬ ಮರಳುಗಾಡಿಯನ್ನು ರೂಪಿಸಿದನು. ಅದಕ್ಕಾಗಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ತಳವನ್ನು ಸುಮಾರು 36 ಸೆಂಟಿಮೀಟರು ಕತ್ತರಿಸಿ ಗಿಡ್ಡಮಾಡಿ ಅದರ ಮೇಲೆ ಗಾಜಿನೆಳೆಯ ಮೈಯನ್ನು ಕೂಡಿಸುತ್ತಿದ್ದರು.

ರಾಳವು ಗಟ್ಟಿಯಾಗುವುದು ಒಣಗುವುದರಿಂದಲ್ಲ. ಪರಾಕ್ಸೈಡನ್ನು ನೂರಕ್ಕೆ ಒಂದೆರಡು ಪಾಲು ಬೆರೆಸಿದಾಗ ರಾಳದ ಅಣುಗಳು ಸ್ಟೈರೀನ್ ಅಣುಗಳ ಮೂಲಕ ಒಂದಕ್ಕೊಂದು ಸರಪಣಿಗಟ್ಟುತ್ತವೆ. ಈ ಕ್ರಿಯೆಯಲ್ಲಿ ಶಾಖವು ಹೊರಬರುತ್ತದೆ. ಬೋಗುಣಿಯಲ್ಲಿ ಹೆಚ್ಚು ರಾಳವನ್ನು ಕಲಸಿಟ್ಟರೆ ಶಾಖ ಹೊರಹೋಗಲಾರದೆ ಹೊಗೆಯಾಡುವುದುಂಟು. ತಂಪು ದೇಶದ ಪುಸ್ತಕದಲ್ಲಿ ಕೊಟ್ಟ ಕಾಲಾವಧಿಯನ್ನು ನಮ್ಮ ಬೇಸಗೆಯಲ್ಲಿ ನಂಬಿದರೆ ಕುಂಚವೇ ಬೋಗುಣಿಗೆ ಕಚ್ಚಿಕೊಳ್ಳುತ್ತದೆ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕ್ರಿಯೆಯನ್ನು ಚುರುಕುಗೊಳಿಸಲು ಕೋಬಾಲ್ಟ್ ಲವಣದ ದ್ರಾವಣವನ್ನೂ ಬಳಸುತ್ತಾರೆ. ಅದನ್ನು ಪರಾಕ್ಸೈಡಿನೊಡನೆ ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ಒಂದನ್ನು ರಾಳದಲ್ಲಿ ಪೂರ್ತಿಯಾಗಿ ಕಲಸಿದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು. ಪರಾಕ್ಸೈಡಿನ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಚೀಲ, ಗಾಳಿಯಾಡುವ ಸ್ಥಳ, ಉಜ್ಜುವಾಗ ಮೂಗಿಗೆ ಮುಸುಕು ಇವಿಲ್ಲದೆ, ತಿಳಿದವರು ಬಳಿಯಲ್ಲಿಲ್ಲದೆ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಾಕಬಾರದು.

ಮೈಯನ್ನು ಪಂಜರಕ್ಕೆ ಹಿಡಿಸುವಾಗ ಶಾಖ ಮತ್ತೊಂದು ರೀತಿಯಲ್ಲಿ ತೊಡಕನ್ನು ತರುತ್ತದೆ. ಗಾಜಿನೆಳೆಯ ಹಾಳೆ ಉಕ್ಕಿಗಿಂತ ಇಮ್ಮಡಿಗೂ ಮೇಲ್ಪಟ್ಟು ಹಿಗ್ಗುತ್ತದೆ. 3 ಮೀಟರು ಉದ್ದದ ಮೈ ಬೆಳಗಿನ ಚಳಿಯಿಂದ ಬಿಸಿಲಿಗೆ ಬಂದು 40 ಡಿಗ್ರಿ ಕಾದರೆ ಅದು ಸುಮಾರು 3.4 ಮಿಲಿಮೀಟರು ಬೆಳೆಯುತ್ತದೆ, ಕೆಳಗಿನ ಉಕ್ಕು ಅಷ್ಟೇ ಕಾದರೂ ಕೇವಲ 1.4. ಉಳಿದ 2 ಮಿಲಿಮೀಟರಿಗೆ ಎಡೆ ಬೇಕು. ಆದುದರಿಂದ ಒಂದು ಕಡೆ ಭದ್ರವಾಗಿ ಹಿಡಿಸಿ, ಉಳಿದೆಡೆ ತೂತುಗಳನ್ನು ಉದ್ದವಾಗಿ ಕೊರೆದು ನಡುವೆ ರಬ್ಬರನ್ನು ಇಡುತ್ತಾರೆ. ಬೋಲ್ಟಿನ ಕೆಳಗೆ ಅಗಲವಾದ ವಾಷರನ್ನು ಹಾಕಿ ಒತ್ತಡವನ್ನು ಹರಡದಿದ್ದರೆ ರಾಳವು ಪುಡಿಯಾಗುತ್ತದೆ. ಮೈ ಪಂಜರಕ್ಕೆ ಸರಿಯಾಗಿ ಕೂರದಿದ್ದರೆ ಬೋಲ್ಟನ್ನು ಬಿಗಿದು ಬಗ್ಗಿಸಿ ಕೂರಿಸುವುದು ಬಹುಮಂದಿಯ ಅಭ್ಯಾಸ. ಇದು ಕೆಟ್ಟ ಅಭ್ಯಾಸ. ಸಂದಿಗೆ ತಕ್ಕ ದಪ್ಪದ ಬಿಲ್ಲೆಯನ್ನು ಇಡುವುದೇ ಸರಿ. ಆಸನದ ಸುರಕ್ಷಾಪಟ್ಟಿಯನ್ನಂತೂ ಎಂದಿಗೂ ಹೊರಮೈಗೆ ಕಟ್ಟಕೂಡದು; ಅದರ ಬೇರು ಉಕ್ಕಿನ ಪಂಜರದಲ್ಲಿಯೇ ಇರಬೇಕು.

ಎಲ್ಲವನ್ನೂ ಕೂಡಿಸಿ ದೀಪದ ಗುಂಡಿಯನ್ನು ಒತ್ತಿದಾಗ ಒಂದು ದೀಪವೂ ಹೊತ್ತದಿರುವುದು ಈ ಹವ್ಯಾಸದ ಹಳೆಯ ತಮಾಷೆ. ಉಕ್ಕಿನ ಕಾರಿನಲ್ಲಿ ಬ್ಯಾಟರಿಯಿಂದ ದೀಪಕ್ಕೆ ಒಂದೇ ತಂತಿ ಹೋಗುತ್ತದೆ. ವಿದ್ಯುತ್ತು ಮರಳುವುದು ಮೈಯ ಮೂಲಕ. ಗಾಜಿನೆಳೆ ವಿದ್ಯುದವಾಹಕ. ಪ್ರತಿಯೊಂದು ದೀಪಕ್ಕೂ ಹಾರನ್ನಿಗೂ ಮರಳುವ ತಂತಿಯನ್ನು ಬೇರೆಯಾಗಿ ಎಳೆದು ಪಂಜರಕ್ಕೆ ಸೇರಿಸಬೇಕು. ಪೆಟ್ರೋಲು ತುಂಬುವ ಬಾಯಿ ಲೋಹದ್ದಾಗಿ ಮೈಯಲ್ಲಿ ಒಂಟಿಯಾಗಿ ನಿಂತಿದ್ದರೆ ಅದನ್ನೂ ತಂತಿಯಿಂದ ಪಂಜರಕ್ಕೆ ಕೂಡಿಸಬೇಕು. ಇಲ್ಲವಾದರೆ ಅಲ್ಲಿ ಸಂಗ್ರಹವಾದ ಸ್ಥಿರ ವಿದ್ಯುತ್ತು ಕಿಡಿಯಾಗಿ ಹಾರಬಹುದು.

ಇಷ್ಟು ಶ್ರಮಪಟ್ಟು ಪಡೆಯುವ ಲಾಭವೇನು? ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ವೇಗದ ಘನದಂತೆ ಏರುತ್ತದೆ. ತೆರೆದ ಚಕ್ರಗಳ ಕಾರಿನ ತಡೆಯ ಗುಣಾಂಕ 0.65, ಎದುರುಮುಖದ ವಿಸ್ತೀರ್ಣ 1.3 ಚದರ ಮೀಟರು ಎಂದು ಇಟ್ಟುಕೊಳ್ಳೋಣ. ಮುಚ್ಚಿದ ಮೈಯಲ್ಲಿ ವಿಸ್ತೀರ್ಣ 1.5ಕ್ಕೆ ಏರಿ ಗುಣಾಂಕ 0.40ಕ್ಕೆ ಇಳಿಯಲಿ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಮೊದಲನೆಯದಕ್ಕೆ ಸುಮಾರು 10.9 ಕಿಲೋವಾಟ್, ಎರಡನೆಯದಕ್ಕೆ 7.7 ಕಿಲೋವಾಟ್ ಬೇಕಾಗುತ್ತದೆ. ಉಳಿತಾಯ 3.2 ಕಿಲೋವಾಟ್, ಅಂದರೆ ನಾಲ್ಕು ಅಶ್ವಸಾಮರ್ಥ್ಯಕ್ಕೂ ಮೇಲೆ. ಅದೇ ಕಾರುಗಳು 50 ಕಿಲೋಮೀಟರು ವೇಗದಲ್ಲಿ ಹೋದರೆ ಎಲ್ಲವೂ ಎಂಟರಲ್ಲೊಂದು ಭಾಗವಾಗಿ ಉಳಿತಾಯ 0.4 ಕಿಲೋವಾಟಿಗೆ ಕುಸಿಯುತ್ತದೆ. ಹೊಸ ಮೈಯ ತೂಕವಾದರೋ ಎಲ್ಲ ವೇಗಗಳಲ್ಲಿಯೂ ಜೊತೆಗಿರುತ್ತದೆ. 500 ಕಿಲೋಗ್ರಾಮಿನ ಕಾರಿಗೆ 60 ಕಿಲೋಗ್ರಾಂ ಸೇರಿದರೆ ವೇಗೋತ್ಕರ್ಷವು ನೂರಕ್ಕೆ ಹನ್ನೊಂದರಷ್ಟು ಇಳಿಯುತ್ತದೆ. ಪೇಟೆಯಲ್ಲಿ ಓಡಿಸುವವನು ಮೈ ಬದಲಾಯಿಸಿ ಗಳಿಸುವುದು ಚೆಲುವನ್ನೇ ಹೊರತು ವೇಗವನ್ನಲ್ಲವೆಂದು ನಮಗೆ ತೋರುತ್ತದೆ.

ತೂಕವು ಸ್ಪ್ರಿಂಗುಗಳಿಗೂ ತಿಳಿಯುತ್ತದೆ. ಅವು ಹೊರುತ್ತಿದ್ದ 440 ಕಿಲೋಗ್ರಾಂ 500 ಆದರೆ, 15 ಸೆಂಟಿಮೀಟರು ಕುಗ್ಗಿದ್ದ ಸ್ಪ್ರಿಂಗು 17 ಸೆಂಟಿಮೀಟರು ಕುಗ್ಗುತ್ತದೆ. ಕಾರು 2 ಸೆಂಟಿಮೀಟರು ಕೆಳಗಿಳಿಯಿತು. ಹೊಸ ಮೈಯ ಚಕ್ರಕಮಾನಂತೂ ಟಯರಿಗೆ ಮೊದಲೇ ಹತ್ತಿರ. ಆದುದರಿಂದ ಸ್ಪ್ರಿಂಗುಗಳನ್ನು ಕಳಚಿಟ್ಟು, ಚಕ್ರವನ್ನು ಮೇಲಿನ ಮಿತಿಯವರೆಗೆ ಎತ್ತಿ, ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಎಲ್ಲಿಯೂ ತಾಗದೆಂದು ನೋಡಿಕೊಂಡ ಮೇಲೆಯೇ ಮೈಗೆ ತೂತು ಕೊರೆಯಬೇಕು.

ಗಾಳಿಯು ಎದುರಿನಿಂದ ತಡೆಯುವುದಲ್ಲದೆ ಮೇಲಕ್ಕೆ ಎತ್ತುವುದೂ ಉಂಟು. 100 ಕಿಲೋಮೀಟರು ವೇಗದಲ್ಲಿ ಗಾಳಿಯ ಚಲನ ಒತ್ತಡ ಚದರ ಮೀಟರಿಗೆ ಸುಮಾರು 47 ಕಿಲೋಗ್ರಾಂ ಭಾರಕ್ಕೆ ಸಮ. 1 ಚದರ ಮೀಟರಿನ ಬಾನೆಟ್ಟಿನ ಮೇಲ್ಭಾಗದಲ್ಲಿ ಇದರ ಅರ್ಧದಷ್ಟು ಹೀರುವಿಕೆ ಉಂಟಾದರೂ 23 ಕಿಲೋಗ್ರಾಂ ಬಲವು ಅದನ್ನು ಮೇಲಕ್ಕೆ ಎಳೆಯುತ್ತದೆ. ಗಾಜಿನೆಳೆಯ ಹಗುರ ಬಾನೆಟ್ಟು ತನ್ನ ತೂಕದಿಂದ ಕುಳಿತಿರುತ್ತದೆಂದು ನಂಬುವಂತಿಲ್ಲ, ಕೊಂಡಿ ಎರಡಿರಬೇಕು. ಇನ್ನು ರೇಡಿಯೇಟರಿಗೆ ಗಾಳಿ ಹೋಗಲು ದೊಡ್ಡ ಬಾಯಿ ಇಟ್ಟು, ಹೊರಬರಲು ದಾರಿ ಇಡದಿರುವುದು ಸಾಮಾನ್ಯವಾದ ದೋಷ. ಬಾಯಿಕಟ್ಟಿದ ಚೀಲಕ್ಕೆ ಯಾರೂ ಗಾಳಿ ತುಂಬಲಾರರು. ಹೊರದಾರಿಯನ್ನು ಮುಂಗಾಜಿನ ಬುಡದಲ್ಲಿ ಇಡುವುದೂ ಸರಿಯಲ್ಲ. ಅಲ್ಲಿ ಗಾಳಿ ಒತ್ತರಿಸಿ ನಿಂತು ಒತ್ತಡ ಹೆಚ್ಚಿರುತ್ತದೆ. ಮುಂಚಕ್ರಗಳ ಹಿಂಬದಿಯಲ್ಲಿ ಒತ್ತಡ ಕಡಿಮೆಯಿರುವುದರಿಂದ ಅಲ್ಲಿ ಬಿಟ್ಟ ಸಂದುಗಳು ಬಿಸಿಗಾಳಿಯನ್ನು ತಾವೇ ಸೆಳೆದುಕೊಳ್ಳುತ್ತವೆ.

ಬ್ರಿಟನ್ನಿನಲ್ಲಿ ಇಂಥ ಕಾರನ್ನು ರಸ್ತೆಗೆ ಇಳಿಸುವ ಮುನ್ನ ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ. ದಾರಿಹೋಕನಿಗೆ ತಗುಲಬಹುದಾದ ಹೊರಮೈಯ ಅಂಚುಗಳು ಕನಿಷ್ಠ 2.5 ಮಿಲಿಮೀಟರು ತ್ರಿಜ್ಯದಷ್ಟು ದುಂಡಗಿರಬೇಕೆಂಬ ನಿಯಮವೂ ಅಲ್ಲಿದೆ. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕನು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. ಆದುದರಿಂದ ಮನೆಯ ಮಾರುತಿಯ ಮೇಲೆ ಪ್ರಯೋಗಕ್ಕೆ ತೊಡಗುವ ಮುನ್ನ ವಾಚಕರು ರಟ್ಟಿನ ಪೆಟ್ಟಿಗೆಯಲ್ಲಿಯೇ ತೃಪ್ತಿಪಡುವುದು ಲೇಸು. ಇಂದಿನ ಸಾಮಾನ್ಯ ಕಾರಿಗಂತೂ ಪ್ರತ್ಯೇಕ ಚಾಸಿಯೇ ಇಲ್ಲ; ಅದರ ಉಕ್ಕಿನ ಮೈಯೆಲ್ಲ ಎಲುಬೇ.

ಹೊಸ ಮೈಯನ್ನು ತೊಟ್ಟ ಕಾರು ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಅದನ್ನು ತೊಳೆದು ಬೆಳಕಿನಲ್ಲಿ ಸಾವಕಾಶವಾಗಿ ನೋಡಬೇಕು. ಬಣ್ಣದ ಪದರದಲ್ಲಿ ಕೂದಲೆಳೆಯಂಥ ಬಿರುಕುಗಳು ಅಲ್ಲಲ್ಲಿ ತಲೆದೋರಿರಬಹುದು. ಬಟ್ಟೆಯಲ್ಲಿ ಸ್ವಲ್ಪ ಮಸಿಯನ್ನು ತೆಗೆದುಕೊಂಡು ಸವರಿ ಒರೆಸಿದರೆ ಅವು ಸ್ಪಷ್ಟವಾಗಿ ಕಾಣುತ್ತವೆ. ಬೋಲ್ಟಿನ ಸುತ್ತ ನಕ್ಷತ್ರಾಕಾರವಾಗಿ ಹರಡಿದ್ದರೆ ಅಲ್ಲಿ ಬಿಗಿತ ಹೆಚ್ಚಾಗಿದೆ, ಇಲ್ಲವೇ ವಾಷರು ಕಿರಿದಾಗಿದೆ. ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟಿದ್ದರೆ ಪಂಜರವು ತಿರುಚುತ್ತಿದೆ. ಅಂಥ ಬಿರುಕನ್ನು ರಾಳದಿಂದ ಮೆತ್ತಿ ಬಣ್ಣ ಬಳಿದರೆ ಕೆಲವು ವಾರಗಳಲ್ಲಿ ಅದು ಮತ್ತೆ ಅದೇ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಮೈಯನ್ನು ಇಳಿಸಿ, 40 ಕಿಲೋಗ್ರಾಮಿನ ತೂಕವನ್ನು ಮತ್ತೊಮ್ಮೆ ತೂಗುಹಾಕಬೇಕು.